ಬೆಕ್ಕಿನ ಮರಿಯ ಇರುಳಾಟ

‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಎರಡು ಮೂರು ತಿಂಗಳ ಬೆಕ್ಕಿನ ಮರಿಯನ್ನು ಸಾಕಿದವರು ಈ ಗಾದೆಯಲ್ಲಿ ಇಲಿಯ ಸ್ಥಾನದಲ್ಲಿ ತಮ್ಮನ್ನೇ ಇಟ್ಟು ಓದಿಕೊಳ್ಳಬೇಕಾಗುತ್ತದೆ. ಹಗಲೆಲ್ಲ ಅಕ್ಕಿಯ ಮೂಟೆಯ ಮೇಲೆಯೋ ಮಡಿಸಿಟ್ಟ ಹಾಸಿಗೆಯ ಮೇಲೆಯೋ ಮುದುಡಿಕೊಂಡು ನಿದ್ರಿಸಿದ ಮರಿಯು, ಮನೆಯವರು ದೀಪವಾರಿಸಿ ಮಲಗಿದೊಡನೆಯೇ ಎಚ್ಚರಗೊಳ್ಳುತ್ತದೆ. ಹೊದಿಕೆಯೊಳಗೆ ಅಲುಗಿದ ಕಾಲ್ಬೆರಳಿನ ಮೇಲೆ ನೆಗೆಯುತ್ತದೆ. ಅಡುಗೆಮನೆಯಲ್ಲಿ ಲೋಟವನ್ನು ಉರುಳಿಸುತ್ತದೆ. ಬೆನ್ನಟ್ಟುವವರು ಯಾರೂ ಇಲ್ಲದಿದ್ದರೂ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡುತ್ತದೆ. ನಸುಕಿನ ನಾಲ್ಕು ಗಂಟೆಗೆ ಮತ್ತೆ ಅದೇ ಆಟ.

ದಾವಣಗೆರೆಯ ನಿಟ್ಟುವಳ್ಳಿಯಂತಹ ಬಡಾವಣೆಯಲ್ಲಿ, ಓದುವುದಕ್ಕೂ ಮಲಗುವುದಕ್ಕೂ ಒಂದೇ ಕೋಣೆಯಿರುವ ಮನೆಯಲ್ಲಿ, ಪರೀಕ್ಷೆಗೆ ಸಿದ್ಧವಾಗುತ್ತಿರುವ ವಿದ್ಯಾರ್ಥಿಯೊಬ್ಬನಿದ್ದರೆ ಈ ಆಟವು ವಿನೋದವಾಗಿ ಉಳಿಯುವುದಿಲ್ಲ. ವಾರ ಕಳೆಯುವಷ್ಟರಲ್ಲಿ, ಮರಿಯನ್ನು ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟುಬರಬೇಕೆಂಬ ಮಾತು ಹುಟ್ಟುತ್ತದೆ. ಹಾಗೆ ಬಿಟ್ಟುಬಂದ ಮರಿಗೆ ತಾಯಿಯ ರಕ್ಷಣೆಯಿಲ್ಲ, ಬೇಟೆಯ ಅಭ್ಯಾಸವಿಲ್ಲ. ನಾಯಿಗಳಿಂದಲೂ ವಾಹನಗಳಿಂದಲೂ ಅದು ತಪ್ಪಿಸಿಕೊಂಡು ಬದುಕುವುದು ದುರ್ಲಭ. ಆದ್ದರಿಂದ, ಮರಿಯ ಈ ನಡತೆ ತುಂಟತನವೇ, ಅಥವಾ ಸ್ವಭಾವಸಿದ್ಧವಾದುದೇ? ಸ್ವಭಾವಸಿದ್ಧವಾದರೆ ಅದನ್ನು ತಿದ್ದಲು ಸಾಧ್ಯವೇ? ಈ ಪ್ರಶ್ನೆಗಳನ್ನು ವಿಚಾರಮಾಡಿ ನೋಡುವುದು ಒಳಿತು.

ಸಂಧ್ಯಾಚರ ಪ್ರಾಣಿ

ಬೆಕ್ಕನ್ನು ನಿಶಾಚರವೆಂದು ಕರೆಯುವುದು ರೂಢಿ. ನಿಜವಾಗಿ ನೋಡಿದರೆ ಅದು ಸಂಧ್ಯಾಚರ. ಅಂದರೆ ಮುಸ್ಸಂಜೆ ಮತ್ತು ಮುಂಜಾವಿನ ಹೊತ್ತಿನಲ್ಲಿ ಅತಿ ಚುರುಕಾಗಿರುವ ಪ್ರಾಣಿ. ಇದಕ್ಕೆ ಕಾರಣವನ್ನು ಅದರ ವಂಶದಲ್ಲಿ ಹುಡುಕಬೇಕು. ನಮ್ಮ ಮನೆಬೆಕ್ಕಿನ ಮೂಲಪುರುಷನು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣಭೂಮಿಗಳಲ್ಲಿ ಇಂದಿಗೂ ವಾಸಿಸುವ ‘ಫೆಲಿಸ್ ಲಿಬಿಕಾ’ ಎಂಬ ಕಾಡುಬೆಕ್ಕು. ಮಾನವನು ಬೇಸಾಯವನ್ನು ಕಲಿತು ಕಣಜಗಳನ್ನು ಕಟ್ಟಿದಾಗ ಕಾಳಿಗೆ ಇಲಿ ಬಂದಿತು. ಇಲಿಯ ಹಿಂದೆ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಪಂಜರದ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರವೂ ದೊರೆತುದನ್ನು ಫ್ರೆಂಚ್ ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಬೆಕ್ಕು ಮೂಲತಃ ಇರಲಿಲ್ಲವಾದ್ದರಿಂದ, ಮನುಷ್ಯರೇ ಅದನ್ನು ದೋಣಿಯಲ್ಲಿ ಕೊಂಡೊಯ್ದಿರಬೇಕು.

ಈ ಪುರಾತನ ಸಂಬಂಧವನ್ನು ನೋಡಲು ಸೈಪ್ರಸ್ಸಿನವರೆಗೆ ಹೋಗಬೇಕಾಗಿಲ್ಲ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಬತ್ತ, ಮೆಕ್ಕೆಜೋಳ, ಭಟ್ಟಿಗಳಲ್ಲಿ ಹುರಿದ ಮಂಡಕ್ಕಿ ಇವುಗಳಿಗೆ ಹೆಸರಾದ ದಾವಣಗೆರೆಯಲ್ಲಿ ಇಲಿಗೆ ಆಹಾರದ ಕೊರತೆಯೆಂಬುದಿಲ್ಲ. ಇಲಿಯು ಹೊರಗೆ ಬರುವುದು ಕತ್ತಲಾದ ಮೇಲೆ. ಇಲಿಯ ಗಡಿಯಾರಕ್ಕೆ ತಕ್ಕಂತೆ ಬೆಕ್ಕು ತನ್ನ ಗಡಿಯಾರವನ್ನು ಹೊಂದಿಸಿಕೊಂಡಿದೆ. ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆಗಳ ಕಾಲ ನಿದ್ರಿಸುವ ಈ ಪ್ರಾಣಿಯು ಬೇಟೆಗಾಗಿ ತನ್ನ ಶಕ್ತಿಯನ್ನು ಕೂಡಿಡುತ್ತದೆ ಎಂದರೂ ತಪ್ಪಾಗದು.

ಕತ್ತಲೆಗೆ ತಕ್ಕ ಇಂದ್ರಿಯಗಳು

ಬೆಕ್ಕಿನ ಕಣ್ಣಿನ ಪಾಪೆಯು ನಡುಹಗಲಿನಲ್ಲಿ ನಿಂತ ಗೆರೆಯಂತೆ ಕಿರಿದಾಗುತ್ತದೆ. ಕತ್ತಲಿನಲ್ಲಿ ಕಣ್ಣನ್ನೆಲ್ಲ ತುಂಬುವಂತೆ ಅರಳುತ್ತದೆ. ಒಳಗಿನ ಅಕ್ಷಿಪಟಲದಲ್ಲಿ, ಮಂದಪ್ರಕಾಶವನ್ನು ಗ್ರಹಿಸುವ ದಂಡಕೋಶಗಳು ಹೇರಳವಾಗಿವೆ. ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಪದರವೊಂದುಂಟು. ಹಿಡಿಯಲಾಗದೆ ಹಾದುಹೋದ ಬೆಳಕನ್ನು ಇದು ಹಿಂದಕ್ಕೆ ತಳ್ಳಿ, ದಂಡಕೋಶಗಳಿಗೆ ಎರಡನೆಯ ಅವಕಾಶವನ್ನು ಕೊಡುತ್ತದೆ. ಇರುಳಿನಲ್ಲಿ ದೂರದಿಂದ ದೀಪ ತೋರಿದಾಗ ಬೆಕ್ಕಿನ ಕಣ್ಣು ಕೆಂಡದಂತೆ ಹೊಳೆಯುವುದು ಈ ಪದರದಿಂದಲೇ. ನಮಗೆ ಬೇಕಾಗುವ ಬೆಳಕಿನ ಸುಮಾರು ಆರರಲ್ಲೊಂದು ಪಾಲು ಇದ್ದರೆ ಬೆಕ್ಕಿಗೆ ಸಾಕು. ಆದರೆ ಬೆಳಕು ಎಳ್ಳಷ್ಟೂ ಇಲ್ಲದ ಕಡೆ ಅದಕ್ಕೂ ಕಣ್ಣು ಕಾಣಿಸದು.

ಕಿವಿಯ ವಿಚಾರವೂ ಹೀಗೆಯೇ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿಯು ಮನುಷ್ಯನಿಗೆ ಕೇಳಿಸುವುದಿಲ್ಲ. ಬೆಕ್ಕು 60,000 ಕಂಪನಗಳಿಗೂ ಮೀರಿದುದನ್ನು ಕೇಳಬಲ್ಲದು. ಇಲಿಗಳು ತಮ್ಮತಮ್ಮಲ್ಲಿ ಕೂಗಿಕೊಳ್ಳುವ ಅತಿ ಸೂಕ್ಷ್ಮವಾದ ದನಿಗಳು ಇದರೊಳಗೆ ಬರುತ್ತವೆ. ನಮಗೆ ನಿಶ್ಶಬ್ದವೆನಿಸುವ ಇರುಳು ಮರಿಯ ಪಾಲಿಗೆ ಸದ್ದಿನಿಂದ ತುಂಬಿದೆ.

ಆಟವೆಂಬ ಪಾಠಶಾಲೆ

ಇಲಿಯೇ ಇಲ್ಲದ ಮನೆಯಲ್ಲೂ ಮರಿಯು ಏಕೆ ಹೀಗೆ ಹಾರುತ್ತದೆ? ಹುಟ್ಟಿದ ಮರಿಯು ಕಣ್ಣು ತೆರೆಯುವುದು ಸುಮಾರು ಏಳರಿಂದ ಹತ್ತು ದಿನಗಳಲ್ಲಿ. ನಾಲ್ಕನೆಯ ವಾರದ ಹೊತ್ತಿಗೆ ಒಡಹುಟ್ಟಿದವುಗಳೊಡನೆ ಜಗ್ಗಾಟ, ಉರುಳಾಟಗಳು ಮೊದಲಾಗುತ್ತವೆ. ಏಳೆಂಟು ವಾರಗಳಾದಾಗ ಚಲಿಸುವ ವಸ್ತುಗಳ ಮೇಲೆ ಆಸಕ್ತಿ ಹೆಚ್ಚುತ್ತದೆ. ಹೊಂಚುವುದು, ನೆಗೆಯುವುದು, ಮುಂಗಾಲಿನಿಂದ ಹೊಡೆಯುವುದು, ಕಚ್ಚಿ ಹಿಂಗಾಲಿನಿಂದ ಒದೆಯುವುದು: ಇವೆಲ್ಲ ಬೇಟೆಯ ಅಂಗಗಳೇ. ನಮ್ಮ ಮನೆಗಳಿಗೆ ಮರಿಗಳನ್ನು ತರುವುದು ಸಾಮಾನ್ಯವಾಗಿ ಈ ವಯಸ್ಸಿನಲ್ಲಿಯೇ. ಒಡಹುಟ್ಟಿದವುಗಳನ್ನು ಅಗಲಿ ಬಂದ ಮರಿಗೆ ಹೊದಿಕೆಯ ಅಡಿಯ ಕಾಲ್ಬೆರಳೇ ಗೆಳೆಯ, ಅದೇ ಇಲಿ!

ಚಲನೆಯಿಂದಲೇ ಮರಿಯ ದೃಷ್ಟಿ ಪಕ್ವವಾಗುತ್ತದೆ ಎಂಬುದನ್ನು 1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಒಂದು ಜಾಣ ಪ್ರಯೋಗದಿಂದ ತೋರಿಸಿದರು. ಕತ್ತಲಿನಲ್ಲಿ ಬೆಳೆಸಿದ ಮರಿಗಳನ್ನು ಜೋಡಿ ಜೋಡಿಯಾಗಿ, ಜಾತ್ರೆಯ ತಿರುಗುತೊಟ್ಟಿಲನ್ನು ಹೋಲುವ ಯಂತ್ರಕ್ಕೆ ಕಟ್ಟಿದರು. ಒಂದು ಮರಿ ತಾನೇ ನಡೆಯುತ್ತಿತ್ತು. ಇನ್ನೊಂದು ತೊಟ್ಟಿಯಲ್ಲಿ ಕುಳಿತು, ಮೊದಲನೆಯದರ ನಡಿಗೆಯಿಂದ ತಿರುಗುತ್ತಿತ್ತು. ಎರಡಕ್ಕೂ ಕಾಣುತ್ತಿದ್ದ ದೃಶ್ಯ ಒಂದೇ. ಆದರೆ ಆಮೇಲೆ ಪರೀಕ್ಷಿಸಿದಾಗ, ನಡೆದ ಮರಿಗೆ ಆಳವೂ ದೂರವೂ ತಿಳಿಯುತ್ತಿದ್ದವು. ಕುಳಿತ ಮರಿಗೆ ತಿಳಿಯಲಿಲ್ಲ. ಸ್ವೇಚ್ಛೆಯಾಗಿ ಓಡಾಡಲು ಬಿಟ್ಟ ಮೇಲೆಯೇ ಅದು ಚೇತರಿಸಿಕೊಂಡಿತು. ಕಣ್ಣಿದ್ದರೆ ಸಾಲದು, ಕಾಲೂ ದುಡಿಯಬೇಕು. ಪಡಸಾಲೆಯಲ್ಲಿ ಓಡುವ ಮರಿಯು ಜಗತ್ತಿನ ಅಳತೆಯನ್ನು ಕಲಿಯುತ್ತಿದೆ.

ನಿದ್ರೆಯಲ್ಲಿಯೂ ಬೇಟೆ ನಿಲ್ಲುವುದಿಲ್ಲವೆನ್ನಬಹುದು. 1959ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಜೂವೆ ಎಂಬ ವಿಜ್ಞಾನಿ, ಬೆಕ್ಕುಗಳ ನಿದ್ರೆಯಲ್ಲಿ ಮಿದುಳು ಎಚ್ಚರದಲ್ಲಿರುವಂತೆ ಕೆಲಸಮಾಡುತ್ತ, ಸ್ನಾಯುಗಳು ಮಾತ್ರ ಸಂಪೂರ್ಣ ಸಡಿಲವಾಗುವ ಹಂತವೊಂದನ್ನು ವರ್ಣಿಸಿದನು. ಸ್ನಾಯುಗಳನ್ನು ಹಾಗೆ ತಡೆಹಿಡಿಯುವ ಮಿದುಳಿನ ಭಾಗವು ನಷ್ಟವಾದ ಬೆಕ್ಕುಗಳು, ನಿದ್ರೆಯಲ್ಲೇ ಎದ್ದು ಕಾಣದ ಬೇಟೆಯ ಮೇಲೆರಗುವಂತೆ ನಡೆದುಕೊಂಡವು.

ಬೆಕ್ಕೂ ಕಲಿಯುತ್ತದೆ

ಸ್ವಭಾವವನ್ನು ಅಳಿಸಲಾಗದು, ಆದರೆ ಅದರ ವೇಳೆಯನ್ನು ಬದಲಾಯಿಸಬಹುದು. ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿಹಾಲಿಗೆ ಬಾಯಿಟ್ಟು ಸುಟ್ಟುಕೊಂಡು, ಆಮೇಲೆ ಹಾಲನ್ನು ಕಂಡರೆ ಓಡಿಹೋಗುತ್ತಿತ್ತೆಂಬ ಕಥೆಯನ್ನು ಬಾಲ್ಯದಿಂದ ಕೇಳಿದ್ದೇವೆ. ವಿಜ್ಞಾನವು ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸಿದೆ. 1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್, ಹಸಿದ ಬೆಕ್ಕುಗಳನ್ನು ಅಗಳಿಯಿದ್ದ ಪೆಟ್ಟಿಗೆಗಳಲ್ಲಿಟ್ಟು, ಹೊರಗೆ ಆಹಾರವಿರಿಸಿದನು. ಬೆಕ್ಕು ಪರಚಿ, ತಳ್ಳಿ, ಆಕಸ್ಮಿಕವಾಗಿ ಅಗಳಿಯನ್ನು ಸರಿಸಿ ಹೊರಬರುತ್ತಿತ್ತು; ಸಲಸಲಕ್ಕೂ ಅದಕ್ಕೆ ಹಿಡಿಯುವ ಕಾಲ ಕಡಿಮೆಯಾಗುತ್ತ ಬಂದಿತು. ಸುಖಫಲವನ್ನು ಕೊಟ್ಟ ಕ್ರಿಯೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ.

ನಸುಕಿನಲ್ಲಿ ಮರಿ ಕೂಗಿದಾಗ ನಾವೆದ್ದು ಹಾಲು ಹಾಕಿದರೆ, ಥಾರ್ನ್‌ಡೈಕನ ಅಗಳಿ ನಾವೇ ಆದಂತಾಯಿತು. ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಬೇಸತ್ತು ಹಾಲು ಹಾಕುವುದು ಇನ್ನೂ ಕೆಟ್ಟದ್ದು. ಆಗೊಮ್ಮೆ ಈಗೊಮ್ಮೆ ದೊರೆಯುವ ಫಲವು ಅಭ್ಯಾಸವನ್ನು ಮತ್ತಷ್ಟು ಬಲಪಡಿಸುತ್ತದೆ. ಉತ್ತರ ಕೊಡುವುದನ್ನು ನಿಲ್ಲಿಸಿದಾಗ ಮೊದಮೊದಲು ಕೂಗು ಹೆಚ್ಚುವುದುಂಟು. ಮನೆಯವರೆಲ್ಲರೂ ಒಂದೇ ರೀತಿಯಲ್ಲಿ ನಡೆದುಕೊಂಡರೆ ಅದು ಕ್ರಮೇಣ ತಗ್ಗುತ್ತದೆ. ಹೊಡೆಯುವುದರಿಂದ ಫಲವಿಲ್ಲ, ಮರಿಯು ಆಟವನ್ನು ಬಿಡದೆ ನಮ್ಮನ್ನು ಬಿಟ್ಟು ದೂರ ಸರಿಯುತ್ತದೆ.

ಮಲಗುವ ಮುನ್ನ ಹದಿನೈದು ನಿಮಿಷ ಕೋಲಿನ ತುದಿಗೆ ಬಟ್ಟೆಯ ಚೂರನ್ನು ಕಟ್ಟಿ ಮರಿಯನ್ನು ಚೆನ್ನಾಗಿ ಆಡಿಸಿರಿ. ಒಡನೆಯೇ ದಿನದ ಕೊನೆಯ ಊಟವನ್ನು ಕೊಡಿರಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ರೆ: ಬೆಕ್ಕಿನ ಸಹಜಕ್ರಮವೇ ಇದು. ಕೈಬೆರಳನ್ನೇ ಆಟಿಕೆಯಾಗಿಸಬಾರದು, ಇಂದು ಮುದ್ದಾದ ಕಡಿತವು ಹಲ್ಲು ಬಲಿತ ಮೇಲೆ ಗಾಯವಾಗುತ್ತದೆ. ಕಚ್ಚಿಯೋ ಪರಚಿಯೋ ರಕ್ತ ಬಂದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು. ರೇಬಿಸ್ ರೋಗವು ಬೆಕ್ಕಿನಿಂದಲೂ ಹರಡಬಲ್ಲದು. ಮರಿಗೂ ಪಶುವೈದ್ಯರಿಂದ ಲಸಿಕೆ ಹಾಕಿಸುವುದು ಅವಶ್ಯ. ಹತ್ತಿಯ ಗಿರಣಿಗಳಿಂದ ಹಿಂದೆ ಹೆಸರಾಗಿದ್ದ ಊರಿನಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು: ಇರುಳಿನಲ್ಲಿ ನೂಲಿನುಂಡೆಯನ್ನು ಹೊರಗಿಡಬೇಡಿರಿ. ಬೆಕ್ಕಿನ ನಾಲಗೆಯ ಮುಳ್ಳುಗಳು ಒಳಮುಖವಾಗಿ ಬಾಗಿರುವುದರಿಂದ, ಬಾಯಿಗೆ ಹೊಕ್ಕ ದಾರವನ್ನು ಉಗುಳುವುದು ಕಷ್ಟ, ಕರುಳಿಗಿಳಿದರೆ ಪ್ರಾಣಾಪಾಯ.

ಹಾಲನ್ನವೊಂದೇ ಸಾಲದು

ಹಸಿದ ಮರಿ ನಿದ್ರಿಸುವುದಿಲ್ಲ. ನಮ್ಮಲ್ಲಿ ಬೆಕ್ಕಿಗೆ ಹಾಲನ್ನ ಹಾಕುವುದು ವಾಡಿಕೆ. ಇದರಿಂದ ಹೊಟ್ಟೆ ತುಂಬಬಹುದು, ದೇಹ ಬೆಳೆಯದು. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹವು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಲ್ಲಿದೆ, ಅನ್ನದಲ್ಲಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲವು ನಶಿಸಿ ಕುರುಡುತನ ಬರುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದೆಂದು 1987ರಲ್ಲಿಯೂ ತಿಳಿದುಬಂದಿತು. ಇರುಳಿಗಾಗಿಯೇ ರಚಿತವಾದ ಆ ಕಣ್ಣು ನಮ್ಮ ಅಜ್ಞಾನದಿಂದ ಆರಿಹೋಗಬಾರದು. ಮಾಂಸವನ್ನು ತರದ ಮನೆಯವರು ಟಾರಿನ್ ಸೇರಿಸಿ ಸಿದ್ಧಪಡಿಸಿದ ಬೆಕ್ಕಿನ ಆಹಾರವನ್ನು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಅಡುಗೆಯೂ ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಸಿಟಮಾಲೂ ಬೆಕ್ಕಿಗೆ ವಿಷ.

ಹದಿನಾಲ್ಕು ದಿನಗಳ ಪ್ರಯೋಗ

ಮನೆಯಲ್ಲಿ ಮರಿಯಿರುವ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಮೊದಲ ಏಳು ದಿನ ಯಾವುದನ್ನೂ ಬದಲಾಯಿಸದೆ, ಇರುಳಿನಲ್ಲಿ ಮರಿಯು ನಿಮ್ಮನ್ನು ಎಷ್ಟು ಸಲ, ಎಷ್ಟು ಗಂಟೆಗೆ ಎಬ್ಬಿಸಿತೆಂಬುದನ್ನು ಬೆಳಗಾದೊಡನೆ ಬರೆದಿಡಿರಿ. ಮುಂದಿನ ಏಳು ದಿನ ಮಲಗುವ ಮುನ್ನ ಆಟವಾಡಿಸಿ, ಊಟದ ವೇಳೆಯನ್ನಾಗಲಿ ಮಲಗುವ ಸ್ಥಳವನ್ನಾಗಲಿ ಬದಲಾಯಿಸದೆ, ಅದೇ ಲೆಕ್ಕವನ್ನಿಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದರೆ ಮಾತ್ರ ಯಾವುದರಿಂದ ಯಾವ ಫಲ ಬಂದಿತೆಂಬುದು ಸ್ಪಷ್ಟವಾಗುತ್ತದೆ. ಎರಡು ವಾರಗಳ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ಮನೆಯ ಹಿರಿಯರಿಗೆ ತೋರಿಸಿರಿ. ಮರಿಯು ವರ್ಷದ ಬೆಕ್ಕಾಗುವ ಹೊತ್ತಿಗೆ ಆಟದ ಹುಚ್ಚು ತಾನಾಗಿಯೇ ಬಹುಮಟ್ಟಿಗೆ ಇಳಿಯುವುದೆಂಬುದನ್ನೂ ಅವರಿಗೆ ತಿಳಿಸಿರಿ. ಗೋಣಿಚೀಲದ ಮಾತು ಅಷ್ಟರಮಟ್ಟಿಗೆ ಹಿಂದೆ ಸರಿದೀತು.