ಬಾಬಾ ಪ್ರಸಂಗ

ನಾವು ಸರಕಾರಿ ಕಚೇರಿಯ ಗುಮಾಸ್ತರು. ನಿಯಮವೇ ನಮ್ಮ ಅನ್ನ. ಬೆಳಿಗ್ಗೆಯಿಂದ ಸಂಜೆಯವರೆಗೆ ‘ನಿಯಮದಲ್ಲಿ ಅವಕಾಶವಿಲ್ಲ’ ಎಂದು ಬರೆದು ಕಡತವನ್ನು ಮುಂದಿನ ಮೇಜಿಗೆ ದೂಡುವುದರಲ್ಲಿಯೇ ನಮ್ಮ ಯೌವನ ಕಳೆಯುತ್ತಲಿದೆ. ಅಂಥ ನಾವು ಕಳೆದ ಮಳೆಗಾಲದ ಒಂದು ಸಂಜೆ, ಠಾಣೆಯಲ್ಲಿ ಲೋಕಲ್ ಗಾಡಿ ಹತ್ತಿ, ಡೊಂಬಿವಲಿಯಲ್ಲಿ ಇಳಿಯುವುದನ್ನು ಮರೆತು, ತಲೆಯೆತ್ತಿ ನೋಡಿದಾಗ ಠಾಕುರ್ಲಿಯನ್ನೂ ದಾಟಿ ಕಲ್ಯಾಣ ಮುಟ್ಟಿದ್ದೆವೆಂದರೆ ವಾಚಕರು ನಂಬಬೇಕು. ಕಾರಣ ನಿದ್ದೆಯಲ್ಲ, ಕಚೇರಿಯ ಚಿಂತೆಯೂ ಅಲ್ಲ. ಫೋನಿನೊಳಗಿನ ಒಂದು ಬಿಳಿಯ ಪ್ರಾಣಿ. ಮೊಲವೆಂದರೆ ಮೊಲ, ಕುರಿಯೆಂದರೆ ಕುರಿ. ಅದರ ಹೆಸರು ಬಾಬಾ.

ಈ ಗ್ರಹಚಾರವನ್ನು ಮನೆಗೆ ತಂದವಳು ಆರನೆಯ ಇಯತ್ತೆಯಲ್ಲಿರುವ ನಮ್ಮ ಮಗಳು. ಆಟದ ಹೆಸರು ‘ಬಾಬಾ ಈಸ್ ಯು’ ಎಂದು ಕೇಳಿ, ಯಾರೋ ಸ್ವಾಮಿಗಳ ವೇದಾಂತವಿರಬೇಕೆಂದುಕೊಂಡೆವು. ಅವಳು ಬಿದ್ದುಬಿದ್ದು ನಕ್ಕು, “ಬಾಬಾ ಮ್ಹಣಜೇ ತೂಚ್!” ಎಂದಳು. ಅವಳ ಗೆಳತಿಯರ ಮನೆಗಳಲ್ಲಿ ಬಾಬಾ ಎಂದರೆ ಅಪ್ಪನೇ ತಾನೆ!

ನಮ್ಮ ಮನೆಯ ದುಃಖವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮಗಳ ಶಾಲೆ ಇಂಗ್ಲಿಷಿನದು, ಅಂಗಳ ಮರಾಠಿಯದು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಈ ಎರಡರಲ್ಲಿ ಒಂದರಲ್ಲಿ ಬರುತ್ತದೆ. ಮೇ ರಜೆಯಲ್ಲಿ ಧಾರವಾಡಕ್ಕೆ ಹೋದರೆ ಅಜ್ಜಿಯೊಡನೆ ಮೂರು ಮಾತಿಗೆ ಅವಳ ಕನ್ನಡ ಮುಗಿಯುತ್ತದೆ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲವೆಂಬುದನ್ನೂ ಬಲ್ಲೆವು.

ಇರಲಿ, ಆಟದ ಮಾತಿಗೆ ಬರೋಣ. ಇದನ್ನು ಕಟ್ಟಿದವರು ಫಿನ್ಲೆಂಡಿನ ಅರ್ವಿ ತೇಯ್ಕಾರಿ ಎಂಬವರು. ದೊಡ್ಡ ಕಂಪನಿಯ ನೂರಾರು ಕೈಗಳ ಕೆಲಸವಲ್ಲ. ಕಲ್ಪನೆ, ರಚನೆ, ಸಂಗೀತ ಎಲ್ಲವೂ ಬಹುಪಾಲು ಅವರೊಬ್ಬರವೇ. 2017ರಲ್ಲಿ ‘ನಾರ್ಡಿಕ್ ಗೇಮ್ ಜ್ಯಾಮ್’ ಎಂಬ ಆಟ ಕಟ್ಟುವ ಪಂದ್ಯಕ್ಕೆ ಕೊಟ್ಟಿದ್ದ ವಿಷಯ ‘ಅಲ್ಲಿಲ್ಲ’ ಎಂಬುದು. ಅದಕ್ಕೆಂದು ಎರಡು ದಿನಗಳಲ್ಲಿ ಹುಟ್ಟಿದ ಈ ಆಟವೇ ಅಲ್ಲಿ ಗೆದ್ದಿತು. ಪೂರ್ಣರೂಪ 2019ರ ಮಾರ್ಚಿನಲ್ಲಿಯೂ, ಫೋನಿನ ಆವೃತ್ತಿ 2021ರಲ್ಲಿಯೂ ಹೊರಬಂದುವು. ಒಗಟುಗಳು ಇನ್ನೂರಕ್ಕೂ ಮಿಕ್ಕಿವೆ.

ಚೌಕಗಳ ಒಂದು ಬಯಲು. ಅದರಲ್ಲಿ ಗೋಡೆ, ಬಂಡೆ, ಧ್ವಜ, ಮತ್ತು ನಮ್ಮ ಬಾಬಾ. ಸೋಜಿಗವೆಂದರೆ, ಆಟದ ನಿಯಮಗಳೂ ಅದೇ ಬಯಲಿನಲ್ಲಿ ಇಂಗ್ಲಿಷ್ ಪದಗಳ ಹಲಗೆಗಳಾಗಿ ಬಿದ್ದಿರುತ್ತವೆ. ‘ವಾಲ್ ಈಸ್ ಸ್ಟಾಪ್’ ಎಂದು ಮೂರು ಹಲಗೆ ಸಾಲಾಗಿರುವ ತನಕ ಗೋಡೆ ನಮ್ಮನ್ನು ತಡೆಯುತ್ತದೆ. ಬಾಬಾ ಹೋಗಿ ಆ ಸಾಲಿನಿಂದ ಒಂದು ಹಲಗೆಯನ್ನು ದೂಡಿತೋ, ನಿಯಮ ಮುರಿಯಿತು. ಗೋಡೆಯೊಳಗಿಂದಲೇ ಸರಾಗವಾಗಿ ನಡೆದು ಹೋಗಬಹುದು! ನಮ್ಮಂಥ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇರೆ ಉಂಟೆ? ನಿಯಮವೆಂಬುದು ಬರೆದಿಟ್ಟ ಪದವಷ್ಟೆ, ಭುಜ ಕೊಟ್ಟರೆ ಸರಿಯುತ್ತದೆ ಎಂದು ಯಾರೋ ಕಿವಿಯಲ್ಲಿ ಹೇಳಿದಂತಾಯಿತು.

ಆದರೆ ಸ್ವರ್ಗದ ಬೆನ್ನಿಗೇ ನರಕವೂ ಇದೆ. ಹಲಗೆಯನ್ನು ದೂಡಬಹುದು, ಎಳೆಯುವಂತಿಲ್ಲ. ಮೂಲೆಗೆ ಸೇರಿದ ಪದ ಮತ್ತೆ ಬಾರದು. ‘ಬಾಬಾ ಈಸ್ ಯು’ ಎಂಬ ಸಾಲನ್ನೇ ಅವಸರದಲ್ಲಿ ಮುರಿದರೆ, ನಾವು ಯಾರೂ ಅಲ್ಲದವರಾಗಿ ಬಯಲು ಸ್ತಬ್ಧವಾಗುತ್ತದೆ. ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದುಕೊಳ್ಳುವ ಗುಂಡಿಯುಂಟು, ಎಷ್ಟು ಸಲ ಬೇಕಾದರೂ ಒತ್ತಬಹುದು. ಆದರೆ ಸುಳಿವು ಕೊಡುವ ಗುಂಡಿಯಿಲ್ಲ. ಗಡಿಯಾರದ ಗಡಿಬಿಡಿಯೂ ಇಲ್ಲ. ಹೀಗಾಗಿ ಸೋತರೆ ತಪ್ಪು ಹೊರಿಸಲು ನಮ್ಮ ಬುದ್ಧಿಯ ಹೊರತು ಬೇರೆ ಯಾರೂ ಸಿಗುವುದಿಲ್ಲ.

ಒಂದು ಒಗಟಿನೆದುರು ನಾಲ್ಕು ದಿನ ಕುಳಿತೆವು. ಸುತ್ತ ಗೋಡೆ, ಧ್ವಜ ಆಚೆಗೆ. ಐದನೆಯ ದಿನ ನಮ್ಮಾಕೆ ಲಟ್ಟಣಿಗೆ ಹಿಡಿದುಕೊಂಡೇ ಬಂದು ಹೆಗಲ ಮೇಲಿಂದ ಇಣುಕಿದರು. “ಗ್ವಾಡಿ ಯಾಕ ದಾಟ್ತೀರಿ? ನೀವೇ ಗ್ವಾಡಿ ಆಗ್ರಿ” ಎಂದು ಹೇಳಿ ಒಳಗೆ ಹೋದರು. ‘ವಾಲ್ ಈಸ್ ಯು’ ಎಂದು ಜೋಡಿಸಿದೆವು. ಗೋಡೆಗಳೆಲ್ಲ ನಾವಾಗಿ, ನಾಲ್ಕು ಹೆಜ್ಜೆ ನಡೆದು ಧ್ವಜವನ್ನು ಮುಟ್ಟಿದೆವು. ಉತ್ತರ ಮೊದಲ ದಿನದಿಂದಲೂ ಕಣ್ಣೆದುರಿಗೇ ಇತ್ತು. ಈ ಆಟದ ಸಿಟ್ಟೂ ಅದೇ, ಸೊಗಸೂ ಅದೇ.

ಒಗಟಿನ ಹುಚ್ಚು ನಮ್ಮವರಿಗೆ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟವರು. ಚದುರಂಗದ ಕುದುರೆ 64 ಮನೆಗಳಲ್ಲಿಯೂ ಒಂದೊಂದೇ ಸಲ ಕಾಲಿಡುವ ಬಗೆಗಳನ್ನು ಕುಳಿತು ರಚಿಸಿದವರು. ಕಾಶ್ಮೀರದ ರುದ್ರಟನು 9ನೆಯ ಶತಮಾನದಲ್ಲಿಯೇ ಆ ಕುದುರೆಯ ನಡೆಗೆ ಶ್ಲೋಕವನ್ನು ಹೊಂದಿಸಿದ್ದನು. 63 ಮನೆ ತಿರುಗಿ ಒಂದು ಉಳಿದುಹೋದಾಗ ಅರಸರಿಗೂ ನಮಗಾದಂತೆಯೇ ಆಗಿದ್ದೀತು. ಆದರೆ ಅಲ್ಲಿ ಕುದುರೆಯ ನಿಯಮ ಕದಲದು. ಇಲ್ಲಿ ನಿಯಮವೇ ಕುದುರೆ.

ಹೀಗಿರುತ್ತ, ಆಗಸ್ಟಿನ ಒಂದು ರಾತ್ರಿ ಕರೆಂಟು ಹೋಯಿತು. ಫೋನೂ ಕಣ್ಣು ಮುಚ್ಚಿತು. ಮಗಳ ಮುಖ ನೋಡಲಾರದೆ, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದೆವು. ನೆಲದ ಟೈಲ್ಸುಗಳೇ ಚೌಕ, ಲಟ್ಟಣಿಗೆಯೇ ಗೋಡೆ, ಧ್ವಜದ ಬದಲು ಕೊಬ್ಬರಿ ಮಿಠಾಯಿ, ಬಾಬಾನ ಸ್ಥಾನದಲ್ಲಿ ಮರದ ಆನೆ. ಮೇಣಬತ್ತಿಯ ಬೆಳಕಿನಲ್ಲಿ ‘ಆನೆ’, ‘ನೀನು’, ‘ಗೋಡೆ’, ‘ತಡೆ’ ಎಂದು ದಪ್ಪಕ್ಷರದಲ್ಲಿ ಬರೆದೆವು. ಮಗಳು ಎಲ್ಲವನ್ನೂ ಎಣಿಸಿ ನೋಡಿ ಕೇಳಿದಳು: “ಅಪ್ಪಾ, ಕನ್ನಡದ ‘ಆಹೇ’ ಎಲ್ಲಿ?”

ನಾವು ಬಿ.ಎ. ಓದಿದವರು, ಆದರೂ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಇಂಗ್ಲಿಷಿನ ‘ಈಸ್’ಗೆ ಮರಾಠಿಯಲ್ಲಿ ‘ಆಹೇ’ ಉಂಟು. ಕನ್ನಡದಲ್ಲಿ? “‘ಗೋಡೆ ತಡೆಯಾಗಿದೆ’ ಎನ್ನಬಹುದಲ್ಲ” ಎಂದೆವು. “ಹಂಗ ಯಾರು ಮಾತಾಡ್ತಾರ್ರೀ? ಅದು ಸರಕಾರಿ ಕಾಗದದ ಕನ್ನಡ” ಎಂದು ಕತ್ತಲೆಯಿಂದ ತೀರ್ಪು ಬಂದಿತು. ನಿಜವೇ. ‘ಅವರು ಮೇಷ್ಟ್ರು’, ‘ಇವಳು ನನ್ನ ಮಗಳು’ ಎಂದರೆ ಮುಗಿಯಿತು. ಎರಡು ಪದಗಳನ್ನು ಪಕ್ಕದಲ್ಲಿಟ್ಟರೆ ಸಾಕು, ನಡುವೆ ದಳ್ಳಾಳಿ ಬೇಡ.

ಹಾಗಾದರೆ ನಿಯಮ ಮುರಿಯುವುದು ಹೇಗೆ? ನಡುವಿನ ‘ಈಸ್’ ಕಿತ್ತು ಗೆಲ್ಲುವ ಯುಕ್ತಿ ನಮ್ಮಲ್ಲಿ ನಡೆಯದು. ಮಗಳೇ ದಾರಿ ಕಂಡುಹಿಡಿದಳು: ಒಂದು ಚೀಟಿಯ ಮೇಲೆ ‘ಅಲ್ಲ’ ಎಂದು ಬರೆಸಿ, ಸಾಲಿನ ಕೊನೆಗೆ ಇಟ್ಟಳು. ಇಂಗ್ಲಿಷಿನಲ್ಲಿ ಹೌದೆನ್ನಲೂ ಒಂದು ಪದ ಬೇಕು. ಕನ್ನಡದಲ್ಲಿ ಅಲ್ಲವೆನ್ನಲು ಮಾತ್ರ ಬೇಕು! ‘ಗೋಡೆ’, ‘ತಡೆ’, ‘ಅಲ್ಲ’ ಎಂದು ಓದಿದಳು. ನಾವು ‘ತಡೆಯಲ್ಲ’ ಎಂದು ಕೂಡಿಸಿ ಓದಿದೆವು. “ಮಧ್ಯೆ ‘ಯ’ ಎಲ್ಲಿಂದ ಬಂತು?” ಎಂದಳು. ಯಕಾರಾಗಮ ಸಂಧಿಯನ್ನು ಮಗುವೊಂದು ತಾನಾಗಿ ಕೇಳಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಇನ್ನೂ ಒಂದು ಸಂಗತಿ ಅವಳಿಗೆ ಹೊಳೆಯಿತು: ‘ಆನೆ ನೀನು’ ಎಂದರೂ ‘ನೀನು ಆನೆ’ ಎಂದರೂ ನಮ್ಮಲ್ಲಿ ಸಲ್ಲುತ್ತದೆ.

ಕರೆಂಟು ಬಂದಿತು. ಫೋನನ್ನು ಯಾರೂ ಹುಡುಕಲಿಲ್ಲ.

ಒಂದು ಆಟದಿಂದ ಭಾಷೆ ಉಳಿದೀತೆಂದು ಹೇಳುವಷ್ಟು ಮೂಢರು ನಾವಲ್ಲ. ಮರುದಿನ ಬೆಳಿಗ್ಗೆ ಅವಳು ಹಾಲು ಕೇಳಿದ್ದು ಮರಾಠಿಯಲ್ಲಿಯೇ. ಆದರೆ ಆ ಭಾನುವಾರ ಧಾರವಾಡದ ಅಜ್ಜಿಗೆ ಫೋನಿನಲ್ಲಿ ಈ ಆಟ ವಿವರಿಸಲು ಕಾಲು ಗಂಟೆ ಮಾತಾಡಿದಳು. ನಡುನಡುವೆ ಪದ ಸಿಗದೆ ತಡೆದಳು, ‘ಅದಕ್ಕೇನಂತಾರಪ್ಪಾ?’ ಎಂದು ನಮ್ಮ ಕಡೆ ತಿರುಗಿದಳು, ಮತ್ತೆ ನಡೆದಳು. ನಾವು ಪಕ್ಕದಲ್ಲಿ ಕುಳಿತು ಪದಗಳನ್ನು ಒಂದೊಂದಾಗಿ ಅವಳ ಕಡೆ ದೂಡುತ್ತಿದ್ದೆವು.

ಕೊನೆಗೆ ಅವಳು ಹೂಡಿದ ಒಂದು ಒಗಟು. ಆನೆ ನಾಲ್ಕೂ ಕಡೆ ಗೋಡೆಯೊಳಗೆ. ‘ಗೋಡೆ ತಡೆ’ ಎಂಬ ಚೀಟಿಗಳೂ ಮಿಠಾಯಿಯೂ ಹೊರಗೆ. ಒಳಗೆ ‘ಆನೆ ನೀನು’ ಎಂಬ ಸಾಲು, ಮತ್ತು ‘ಗೋಡೆ’ ಎಂಬ ಇನ್ನೊಂದು ಬಿಡಿ ಚೀಟಿ. ‘ಅಲ್ಲ’ ಕೊಟ್ಟಿಲ್ಲ. ಮಿಠಾಯಿ ಮುಟ್ಟುವುದು ಹೇಗೆ? ನಮಗೆ ಎರಡು ಸಂಜೆ ಹಿಡಿಯಿತು. ಬಿಡಿಸಿದ ಮನೆಯವರು ಸಂಘದ ಮುಂದಿನ ಕೂಟದಲ್ಲಿ ನಮ್ಮನ್ನು ಕಾಣಬೇಕು. ಉತ್ತರವನ್ನು ಮಾತ್ರ ಮಕ್ಕಳೇ ಹೇಳತಕ್ಕದ್ದು, ಅದೂ ಕನ್ನಡದಲ್ಲಿ. ಈ ನಿಯಮದ ಹಲಗೆಯನ್ನು ದಯಮಾಡಿ ಯಾರೂ ದೂಡಬಾರದು.