ಹಳೇ ಚೀಟಿ, ಮತ್ತದೇ ಉರಿ

ಉರಿಮೂತ್ರ ಶುರುವಾದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು 'ಉಷ್ಣ ಆಗಿದೆ'. ಬಾರ್ಲಿ ನೀರು, ಎಳನೀರು, ಮಜ್ಜಿಗೆ ಎಲ್ಲ ಆಗುತ್ತದೆ. ತಗ್ಗದಿದ್ದರೆ ಹೋದ ಸಲದ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ. ಉರಿ ಇಳಿಯುತ್ತದೆ, ಎರಡು ತಿಂಗಳಿಗೆ ಮತ್ತೆ ಹಾಜರು. ಹೀಗೆ 6 ತಿಂಗಳಲ್ಲಿ 2 ಸಲ ಇಲ್ಲವೇ ವರ್ಷದಲ್ಲಿ 3 ಸಲ ಮೂತ್ರದ ಸೋಂಕು ಆದರೆ ವೈದ್ಯರು ಅದನ್ನು 'ಮರುಕಳಿಸುವ ಸೋಂಕು' ಎನ್ನುತ್ತಾರೆ.

ಹೆಚ್ಚಿನ ಸಲ ಇದು ನಮ್ಮದೇ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದ ಕೆಲಸ. ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದ, ಹೆಂಗಸರದು ಬರೀ 4; ಬ್ಯಾಕ್ಟೀರಿಯಾ ಮೂತ್ರಕೋಶಕ್ಕೆ ಏರುವುದು ಸುಲಭ. ಹಾಗಾಗಿ ಇದನ್ನು ಕೊಳಕುತನಕ್ಕೆ ಗಂಟುಹಾಕಿ ನಾಚುವ ಅಗತ್ಯವಿಲ್ಲ. ಸೋಪು, ಲೋಷನ್ ಹಾಕಿ ಒಳಗೆಲ್ಲ ತೊಳೆದರೆ ಅಲ್ಲಿ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೇ ಕಡಿಮೆಯಾಗುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದಾಗಲೂ ಆಗುವುದು ಅದೇ. ಆ ವಯಸ್ಸಿನವರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಚೆನ್ನಾಗಿ ನೆರವಾಗುತ್ತದೆ. ಸಂಕೋಚಕ್ಕೆ ಯಾರೂ ಕೇಳುವುದಿಲ್ಲ, ಅಷ್ಟೆ.

ನೀರಿನ ವಿಷಯದಲ್ಲಿ ಅಜ್ಜಿಯರು ಸರಿ. ಕಡಿಮೆ ನೀರು ಕುಡಿಯುತ್ತಿದ್ದ, ಪದೇ ಪದೇ ಸೋಂಕಾಗುತ್ತಿದ್ದ 140 ಹೆಂಗಸರ ಮೇಲಿನ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ವರ್ಷದ ಸೋಂಕು ಎಂದಿನಷ್ಟೇ ಕುಡಿದವರಲ್ಲಿ ಸರಾಸರಿ 3.2 ಇದ್ದರೆ, ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದವರಲ್ಲಿ 1.7 ಇತ್ತು. ಹೃದಯ, ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಆದರೆ ಸರಿಯಾದ ಶೌಚಾಲಯವಿಲ್ಲದ ಕಡೆ ದುಡಿಯುವ ಕಂಡಕ್ಟರ್, ಟೀಚರ್, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ 'ನೀರು ಕುಡಿಯಿರಿ' ಎಂದರೆ ಅರ್ಧ ಸಲಹೆಯಷ್ಟೇ. ಕುಡಿದರೆ ಹೋಗುವುದೆಲ್ಲಿ? ಮೂತ್ರ ಕಟ್ಟಿಕೊಂಡು ಕೂರುವುದು ಅಲ್ಲಿಂದಲೇ ಶುರು. ಸಂಭೋಗದ ನಂತರ ಸೋಂಕಾಗುವವರು ತಡಮಾಡದೆ ಮೂತ್ರ ಮಾಡಿಬರಲಿ. ವೀರ್ಯನಾಶಕ ಕ್ರೀಮ್, ಜೆಲ್ ಬಳಸುತ್ತಿದ್ದರೆ ಬಿಡುವುದು ಮೇಲು.

ಮತ್ತೆ ಬಂದಾಗ ಹಳೇ ಚೀಟಿ ಬೇಡ. ಹಿಂದಿನ ಮಾತ್ರೆಗೆ ಈ ಬ್ಯಾಕ್ಟೀರಿಯಾ ಪಳಗಿರಬಹುದು. ಆ್ಯಂಟಿಬಯೋಟಿಕ್ ನುಂಗುವ ಮೊದಲೇ ಯೂರಿನ್ ಕಲ್ಚರ್‌ಗೆ ಕೊಡಿ. ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬಿನ ಡಬ್ಬಿಗೆ ಹಿಡಿದು ಬೇಗ ಮುಟ್ಟಿಸಿ. ಎರಡು-ಮೂರು ದಿನದಲ್ಲಿ ಯಾವ ಔಷಧಿ ನಾಟುತ್ತದೆಂದು ವರದಿ ಹೇಳುತ್ತದೆ. ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಮಾತ್ರ ಅದಕ್ಕೂ ಕಾಯದೆ ಆಸ್ಪತ್ರೆಗೆ ಓಡಿ. ಸೋಂಕು ಕಿಡ್ನಿಗೆ ಏರಿರಬಹುದು.

ಉರಿ, ನೋವು ಏನೂ ಇಲ್ಲದೆ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲ. ಗರ್ಭಿಣಿಯರಿಗೆ ಆ ರಿಯಾಯಿತಿ ಇಲ್ಲ.