ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಲ್ಲಿ ರಂಗಕಲೆ ಮತ್ತು ಕಲಾಪ್ರದರ್ಶನ: ನೆಲೆಯ ಪ್ರಶ್ನೆ

ಬೆಂಗಳೂರಿನ ಕಲಾಚರಿತ್ರೆಯನ್ನು ಕುರಿತ ಬರವಣಿಗೆಗಳು ಸಾಮಾನ್ಯವಾಗಿ ಪೇಟೆ, ದಂಡು, ಮಲ್ಲೇಶ್ವರ, ಬಸವನಗುಡಿಗಳ ಎಲ್ಲೆಯನ್ನು ದಾಟುವುದಿಲ್ಲ. 1960ರಲ್ಲಿ ಸ್ಥಾಪನೆಗೊಂಡ ಚಿತ್ರಕಲಾ ಪರಿಷತ್ತು, 1963ರಲ್ಲಿ ಉದ್ಘಾಟನೆಗೊಂಡ ರವೀಂದ್ರ ಕಲಾಕ್ಷೇತ್ರ, 2004ರಲ್ಲಿ ಆರಂಭವಾದ ರಂಗಶಂಕರಗಳ ಸುತ್ತಲೇ ಈ ಚರಿತ್ರೆ ರೂಪುಗೊಂಡಿದೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಹೆಸರು ಬರುವುದು ಕೈಗಾರಿಕೆಯ ಅಧ್ಯಾಯದಲ್ಲಿ ಮಾತ್ರ. ಹೀಗಾಗಿ ಈ ಪ್ರದೇಶಗಳಿಗೆ ತಮ್ಮದೇ ಆದ ಕಲಾಪರಂಪರೆ ಇಲ್ಲವೆಂಬ ತಿಳಿವಳಿಕೆ ಬೇರೂರಿದೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಂಗಕಲೆಗೆ ಎರಡು ಸಂಗತಿಗಳು ಅನಿವಾರ್ಯ: ಜನ ಸೇರುವ ಜಾಗ ಮತ್ತು ಜನಕ್ಕೆ ದೊರೆಯುವ ಬಿಡುವು. ಹೊರವಲಯದಲ್ಲಿ ಈ ಎರಡನ್ನೂ ಒದಗಿಸಿದ ವ್ಯವಸ್ಥೆಗಳು ಒಂದರ ನಂತರ ಒಂದು ಬದಲಾದ ಬಗೆಯನ್ನು ಗುರುತಿಸಿದರೆ ಇಲ್ಲಿಯ ಕಲೆಯ ಸ್ಥಿತಿಗತಿ ಸ್ಪಷ್ಟವಾಗುತ್ತದೆ.

ಗ್ರಾಮರಂಗ

ಆನೇಕಲ್, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಸೀಮೆಯ ಗ್ರಾಮಗಳಲ್ಲಿ ಪೌರಾಣಿಕ ನಾಟಕವು ದೀರ್ಘಕಾಲ ಪ್ರಮುಖ ರಂಗಪ್ರಕಾರವಾಗಿ ಉಳಿದುಬಂದಿದೆ. ಇದು ವೃತ್ತಿ ಕಂಪನಿಗಳ ಪ್ರಭಾವದಿಂದ ಬೆಳೆದದ್ದು. ಗುಬ್ಬಿ ವೀರಣ್ಣನವರ ಕಂಪನಿಯು 1934ರಲ್ಲಿ ಜೀವಂತ ಆನೆ ಕುದುರೆಗಳೊಡನೆ ಪ್ರದರ್ಶಿಸಿದ ‘ಕುರುಕ್ಷೇತ್ರ’ದ ವೈಭವ ಹಳೆಯ ಮೈಸೂರು ಪ್ರಾಂತದ ಪ್ರೇಕ್ಷಕರ ನೆನಪಿನಲ್ಲಿ ಬಹುಕಾಲ ನಿಂತಿತು. ಕಂಪನಿಗಳು ಕ್ಷೀಣಿಸಿದ ಮೇಲೂ ಅವುಗಳ ಕಥಾವಸ್ತು, ರಂಗಗೀತೆ, ಪರದೆಗಳ ಕ್ರಮ ಹಳ್ಳಿಗಳಲ್ಲಿ ಮುಂದುವರಿಯಿತು. ‘ಕುರುಕ್ಷೇತ್ರ’, ‘ರಾಮಾಯಣ’, ‘ಶನಿಪ್ರಭಾವ’ಗಳು ಇಂದಿಗೂ ಜನಪ್ರಿಯ ವಸ್ತುಗಳೇ.

ಈ ನಾಟಕಗಳ ಸಂಘಟನೆ ಗಮನಾರ್ಹವಾದುದು. ಇಲ್ಲಿ ನಟನಿಗೆ ಸಂಭಾವನೆ ಇಲ್ಲ. ಪಾತ್ರಧಾರಿಯೇ ತನ್ನ ಪಾತ್ರಕ್ಕೆ ಹಣ ಕೊಡುತ್ತಾನೆ. ಕೃಷ್ಣ, ದುರ್ಯೋಧನರಂತಹ ದೊಡ್ಡ ಪಾತ್ರಗಳಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಹೀಗೆ ಕೂಡಿದ ಹಣದಿಂದ ಹಾರ್ಮೋನಿಯಂ ಮೇಷ್ಟರ ಗೌರವಧನ, ಬಾಡಿಗೆಯ ಸೀನರಿ, ಉಡುಪು, ದೀಪ, ಧ್ವನಿವರ್ಧಕ ಹಾಗೂ ಸ್ತ್ರೀಪಾತ್ರಕ್ಕೆ ಬರುವ ವೃತ್ತಿ ಕಲಾವಿದೆಯರ ಸಂಭಾವನೆಯ ಖರ್ಚು ನಡೆಯುತ್ತದೆ. ಮೇಷ್ಟರು ತಿಂಗಳುಗಟ್ಟಲೆ ಊರಿಗೆ ಬಂದು ಕಂದ, ವೃತ್ತ, ಹಾಡು, ಮಾತುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪ್ರದರ್ಶನ ನಡೆಯುವುದು ರಾಗಿಯ ಕೊಯ್ಲು, ಒಕ್ಕಣೆಗಳು ಮುಗಿದು ಜಾತ್ರೆಗಳು ಆರಂಭವಾಗುವ ಕಾಲದಲ್ಲಿ; ದೇವಸ್ಥಾನದ ಮುಂದೆ, ಗುಂಡುತೋಪಿನಲ್ಲಿ ಅಥವಾ ಪೈರು ತೆಗೆದ ಹೊಲದಲ್ಲಿ, ರಾತ್ರಿಯಿಂದ ಬೆಳಗಿನವರೆಗೆ. ಬೇಸಾಯವೇ ಈ ರಂಗಕ್ಕೆ ಜಾಗವನ್ನೂ ಬಿಡುವನ್ನೂ ಕೊಡುತ್ತಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಭೂಮಿಯ ಬಳಕೆ ಬದಲಾದಾಗ ಈ ಆಧಾರ ಸಡಿಲವಾಯಿತು. 1976ರಲ್ಲಿ ಸ್ಥಾಪನೆಗೊಂಡ ಕಿಯೋನಿಕ್ಸ್ ಸಂಸ್ಥೆಯು ಅದರ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಊರುಗಳ ಹೆಸರು ಉಳಿಯಿತು. ಬೇಸಾಯದ ಋತುಚಕ್ರ ಉಳಿಯಲಿಲ್ಲ. ಹೊಲವಿಲ್ಲದ ಊರಿಗೆ ಸುಗ್ಗಿಯ ಬಿಡುವೂ ಇಲ್ಲ. ಆದರೂ ನಾಟಕದ ಹವ್ಯಾಸ ಅಳಿಯಲಿಲ್ಲವೆಂಬುದಕ್ಕೆ ರವೀಂದ್ರ ಕಲಾಕ್ಷೇತ್ರವೇ ಸಾಕ್ಷಿ. ಹೊರವಲಯದ ಮಂಡಳಿಗಳು ಅಲ್ಲಿಗೆ ಬಂದು ಪೌರಾಣಿಕ ನಾಟಕಗಳನ್ನು ಆಡುವುದು ವಾಡಿಕೆಯಾಗಿದೆ. ಇಡೀ ರಾತ್ರಿಯ ಬಯಲಿನ ನಾಟಕವು ಗಂಟೆಗಳ ಲೆಕ್ಕದ ಬಾಡಿಗೆ ಸಭಾಂಗಣಕ್ಕೆ ಒಗ್ಗಿಕೊಳ್ಳಬೇಕಾಗಿ ಬಂದಿದೆ.

ಎಲೆಕ್ಟ್ರಾನಿಕ್ ಸಿಟಿಯ ಸಮೀಪದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಯು ಇದೇ ಒತ್ತಡದ ಇನ್ನೊಂದು ಮುಖ. ಸುತ್ತಲಿನ ಗ್ರಾಮಗಳವರು ನೂರು ಅಡಿಗೂ ಮೀರಿದ ತೇರುಗಳನ್ನು ಕಟ್ಟಿ, ಬಣ್ಣದ ಬಟ್ಟೆಗಳಿಂದ ಸಿಂಗರಿಸಿ, ಹುಸ್ಕೂರಿಗೆ ಎಳೆದು ತರುತ್ತಾರೆ. ತೇರು ಕಟ್ಟುವುದು ಆಯಾ ಊರಿನ ಕೈಕೌಶಲದ ಪ್ರದರ್ಶನ. ಎಳೆದು ತರುವುದು ಊರೂರಿನ ನಡುವಣ ಸ್ಪರ್ಧೆ. 2024ರ ಏಪ್ರಿಲ್‌ನಲ್ಲಿ ಹೀಲಲಿಗೆಯ ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ದೊಡ್ಡನಾಗಮಂಗಲ ಹಾಗೂ ರಾಯಸಂದ್ರದ ತೇರುಗಳು ಉರುಳಿ ಜೀವಹಾನಿಯೂ ಸಂಭವಿಸಿತು. ಹೊಲದ ದಾರಿಗಳಲ್ಲಿ ಸಾಗುತ್ತಿದ್ದ ತೇರು ಇಂದು ಕಟ್ಟಡ, ವಿದ್ಯುತ್ ತಂತಿ, ವಾಹನಗಳ ನಡುವೆ ಸಾಗಬೇಕು. ತೇರಿನ ಎತ್ತರ, ಜನರ ಸುರಕ್ಷತೆ ಹಾಗೂ ಆಚರಣೆಯ ಹಕ್ಕುಗಳ ಚರ್ಚೆಯಲ್ಲಿ ಈ ದಾರಿಯ ಪ್ರಶ್ನೆಯನ್ನು ಬಿಡಲಾಗದು.

ಕಾರ್ಖಾನೆಯ ರಂಗ

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಎರಡನೆಯ ನೆಲೆಯೊಂದು ರೂಪುಗೊಂಡಿತು. 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಮೊದಲಾದ ಸಾರ್ವಜನಿಕ ಉದ್ಯಮಗಳು ನೌಕರರಿಗಾಗಿ ವಸತಿಬಡಾವಣೆ, ಶಾಲೆ, ಆಟದ ಮೈದಾನಗಳನ್ನು ನಿರ್ಮಿಸಿದವು. ನಿಶ್ಚಿತ ವೇತನ, ನಿಶ್ಚಿತ ಪಾಳಿ, ಒಂದೇ ಬಡಾವಣೆಯ ವಾಸ ಇವುಗಳ ಬಲದಿಂದ ನೌಕರರ ಕನ್ನಡ ಸಂಘಗಳು ಬೆಳೆದು ರಾಜ್ಯೋತ್ಸವ, ಹವ್ಯಾಸಿ ನಾಟಕಗಳಿಗೆ ಆಶ್ರಯವಾದವು. 1975ರಲ್ಲಿ ಆರಂಭವಾದ ‘ಸಮುದಾಯ’ವು ರಂಗಭೂಮಿಯನ್ನು ಬೀದಿಗೆ, ದುಡಿಯುವ ಜನರ ನಡುವೆ ಒಯ್ಯುವ ಧೋರಣೆಯನ್ನು ತಳೆದುದು ಇದೇ ಕಾಲಘಟ್ಟದಲ್ಲಿ. ನಗರದ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ 77 ದಿನಗಳ ಮುಷ್ಕರ ನಡೆಸಿದರು. ಮರುವರ್ಷದ ಗೋಕಾಕ್ ಚಳವಳಿಯಲ್ಲಿಯೂ ಅವರ ಪಾತ್ರ ದೊಡ್ಡದು.

1970ರ ದಶಕದಲ್ಲಿ ಬೆಳೆದ ಪೀಣ್ಯದ ಸ್ವರೂಪ ಬೇರೆ. ಇಲ್ಲಿ ಪ್ರಧಾನವಾದವು ಸಣ್ಣ ಘಟಕಗಳು. ಅವುಗಳಿಗೆ ಸ್ವಂತ ಬಡಾವಣೆಯಾಗಲಿ ಸಭಾಂಗಣವಾಗಲಿ ಇರುವುದು ಅಪರೂಪ. ಕಾರ್ಮಿಕರು ಲಗ್ಗೆರೆ, ಹೆಗ್ಗನಹಳ್ಳಿಗಳ ಬಾಡಿಗೆ ಮನೆಗಳಲ್ಲಿ ನೆಲೆಸಿದರು. ಇತ್ತ ದೊಡ್ಡ ಉದ್ಯಮಗಳ ನೌಕರರ ಸಂಖ್ಯೆಯೂ ಇಳಿಯಿತು. ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿದ್ದಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಗಡಿಯಾರಗಳು, ಯಂತ್ರಗಳು ಸಂಗ್ರಹಕ್ಕೆ ಸೇರಿವೆ. ಅವುಗಳನ್ನು ತಯಾರಿಸಿದ ಕೈಗಳು ಸಂಜೆ ಬಣ್ಣ ಹಚ್ಚಿ ಆಡಿದ ನಾಟಕಗಳ ಕರಪತ್ರ, ಛಾಯಾಚಿತ್ರ, ಹಸ್ತಪ್ರತಿಗಳಿಗೂ ಅಂತಹದೇ ಸಂಗ್ರಹದ ಅಗತ್ಯವಿದೆ.

ಖಾಸಗಿ ರಂಗಮಂದಿರ

ವೈಟ್‌ಫೀಲ್ಡ್ 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತುವಾಗಿ ಆರಂಭವಾದ ಊರು. 1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನ ಪಾರ್ಕು ಬಂದ ಮೇಲೆ ಅದರ ಚಹರೆ ಬದಲಾಯಿತು. ಇಲ್ಲಿಯ ರಾಮಗೊಂಡನಹಳ್ಳಿಯಲ್ಲಿ 2011ರಲ್ಲಿ ಅರುಂಧತಿ ರಾಜಾ ಮತ್ತು ಜಗದೀಶ್ ರಾಜಾ ಅವರು ಸುಮಾರು 200 ಆಸನಗಳ ‘ಜಾಗೃತಿ’ ರಂಗಮಂದಿರವನ್ನು ಆರಂಭಿಸಿದರು. 1982ರಿಂದ ಇಂಗ್ಲಿಷ್ ರಂಗಭೂಮಿಯಲ್ಲಿ ದುಡಿದಿದ್ದ ಅವರ ತಂಡಕ್ಕೆ ಇದರಿಂದ ಸ್ವಂತ ನೆಲೆ ದೊರೆಯಿತು. ಪ್ರೇಕ್ಷಕರ ನಡುವೆ ಚಾಚಿಕೊಂಡ ವೇದಿಕೆ, ಸನಿಹದ ಆಸನವ್ಯವಸ್ಥೆಗಳು ಇದರ ವೈಶಿಷ್ಟ್ಯ. ನಗರದ ಮಧ್ಯಭಾಗಕ್ಕೆ ಹೋಗದೆಯೇ ನಾಟಕ ನೋಡುವ ಅವಕಾಶ ಆ ಭಾಗದ ಜನರಿಗೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಇದು ವ್ಯಕ್ತಿಗಳ ಸಂಕಲ್ಪದಿಂದ ನಿರ್ಮಿತವಾದ, ಟಿಕೆಟ್ಟಿನ ಆದಾಯವನ್ನೂ ಅವಲಂಬಿಸುವ ರಂಗ. ಪಕ್ಕದ ಹಳ್ಳಿಯ ಕುರುಕ್ಷೇತ್ರ ಮಂಡಳಿಯೂ ಈ ರಂಗದ ಪ್ರೇಕ್ಷಕವರ್ಗವೂ ಒಂದೇ ಪ್ರದೇಶದಲ್ಲಿದ್ದು ಪರಸ್ಪರ ಅಪರಿಚಿತವಾಗಿ ಉಳಿಯುವ ಸಂಭವ ಹೆಚ್ಚು.

ಚಿತ್ರಶಿಲ್ಪಗಳ ನೆಲೆ

ಚಿತ್ರಶಿಲ್ಪಗಳ ವಿಷಯದಲ್ಲಿ ಕೇಂದ್ರದ ಸೆಳೆತ ಇನ್ನೂ ಹಳೆಯದು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರು, ‘ಬೆಂಗಳೂರು’ ಎಂಬ ಹೆಸರುಳ್ಳ ಪ್ರಾಚೀನ ಶಾಸನ ದೊರೆತ ಊರು. ಗಂಗ ಎರೆಯಪ್ಪನ ಪರವಾಗಿ ಹೋರಾಡಿ ಮಡಿದ ನಾಗತ್ತರನ ವೀರಗಲ್ಲು ಅಲ್ಲಿಯದೇ. ಯುದ್ಧದ ಜನಸಂದಣಿಯನ್ನು ಅಪೂರ್ವವಾಗಿ ಕಂಡರಿಸಿದ ಆ ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ನೆರೆಯಲ್ಲಿಯೇ ವೆಂಕಟಪ್ಪ ಚಿತ್ರಶಾಲೆ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ. ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನದ ಸಹಭಾಗಿತ್ವಕ್ಕೆ ಒಪ್ಪಿಸುವ ಪ್ರಸ್ತಾಪವನ್ನು 2016ರಲ್ಲಿ ಕಲಾವಿದರು ಸಂಘಟಿತರಾಗಿ ವಿರೋಧಿಸಿದರು. ಕಡಿಮೆ ಬಾಡಿಗೆಗೆ ದೊರೆಯುವ ಸಾರ್ವಜನಿಕ ಚಿತ್ರಶಾಲೆ ಹೊಸ ಕಲಾವಿದನಿಗೆ ಎಷ್ಟು ಅವಶ್ಯಕವೆಂಬುದನ್ನು ಆ ಚಳವಳಿ ತೋರಿಸಿತು. ಹೊರವಲಯದ ಕಲಾವಿದನಿಗೂ ಅಂತಹ ಚಿತ್ರಶಾಲೆಯೇ ಬೇಕು.

ಸಾರಿಗೆಯ ದೃಷ್ಟಿಯಿಂದ ಅಂತರ ಕಡಿಮೆಯಾಗಿದೆ. ಮೆಟ್ರೊ ರೈಲು 2014ರಲ್ಲಿ ಪೀಣ್ಯವನ್ನೂ 2023ರಲ್ಲಿ ವೈಟ್‌ಫೀಲ್ಡನ್ನೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ತಲುಪಿತು. ಹುಸ್ಕೂರಿನ ಹೆಸರು ಈಗ ನಿಲ್ದಾಣವೊಂದರ ಫಲಕದ ಮೇಲಿದೆ. ಇದರಿಂದ ಹೊರವಲಯದ ಪ್ರೇಕ್ಷಕ ಕೇಂದ್ರಕ್ಕೆ ಬರುವುದು ಸುಲಭವಾಯಿತು. ಊರಿನಲ್ಲಿಯೇ ರಂಗಸ್ಥಳ ಬೇಕೆಂಬ ಅಗತ್ಯ ಮಾತ್ರ ಹಾಗೆಯೇ ಉಳಿಯಿತು.

ಒಟ್ಟಿನಲ್ಲಿ, ಬೇಸಾಯ ಕೊಟ್ಟ ಬಯಲು, ಕಾರ್ಖಾನೆ ಕೊಟ್ಟ ಬಡಾವಣೆ, ವ್ಯಕ್ತಿಗಳು ಕಟ್ಟಿದ ಮಂದಿರ ಈ ಮೂರೂ ತಮ್ಮ ತಮ್ಮ ಕಾಲದಲ್ಲಿ ಕಲೆಗೆ ಆಸರೆಯಾಗಿವೆ. ಮೊದಲೆರಡು ಕುಗ್ಗಿವೆ, ಮೂರನೆಯದರ ವ್ಯಾಪ್ತಿ ಸೀಮಿತ. ಉಳಿದಿರುವ ಗುಂಡುತೋಪು, ಜಾತ್ರೆಯ ಮೈದಾನಗಳನ್ನು ಸಾಂಸ್ಕೃತಿಕ ಬಳಕೆಯ ಜಾಗಗಳೆಂದು ಗುರುತಿಸಿ ಕಾಯ್ದುಕೊಳ್ಳುವುದು ಸ್ಥಳೀಯ ಆಡಳಿತದ ಹೊಣೆ. ಮೇಷ್ಟರ ಹಾಡಿನ ಪುಸ್ತಕಗಳು, ಪಾತ್ರಧಾರಿಗಳ ಪಟ್ಟಿ, ಸಂಘಗಳ ನಡಾವಳಿ ಪುಸ್ತಕಗಳನ್ನು ಅವು ಗುಜರಿಗೆ ಸೇರುವ ಮೊದಲು ಸಂಗ್ರಹಿಸುವುದು ಸಂಶೋಧಕರ ಹಾಗೂ ಗ್ರಂಥಾಲಯಗಳ ಹೊಣೆ. ಎರಡನೆಯ ಕೆಲಸಕ್ಕೆ ಭೂಮಿಯೂ ಬೇಡ, ದೊಡ್ಡ ಬಂಡವಾಳವೂ ಬೇಡ. ಮೇಷ್ಟರ ಹಿರಿಯ ತಲೆಮಾರು ಇರುವಾಗಲೇ ಅದು ನಡೆಯಬೇಕು.